ಆಟಗಾರನ ಭವಿಷ್ಯ ಬೇರೆ, ಆರಿಸುವವರ ಮನಸ್ಸು ಬೇರೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲನ್ನು ನವೆಂಬರಿನಿಂದ ಏಪ್ರಿಲಿನವರೆಗೆ ಬಿಡದೆ ನೋಡಿದವರಿಗೆ, ಜೂನ್ ಕೊನೆಯ ಎನ್‌ಬಿಎ ಡ್ರಾಫ್ಟಿನಲ್ಲಿ ಯಾವ ಹುಡುಗ ಯಾವ ತಂಡದ ಪಾಲಾಗುತ್ತಾನೆಂದು ಮೊದಲೇ ಹೇಳಲು ಬರಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಅದರ ಬೆನ್ನಿಗೆ ಒಂದು ಕಸುಬೇ ಬೆಳೆದಿದೆ. ಒಂದು ವರ್ಷದ ಡ್ರಾಫ್ಟ್ ಮುಗಿಯುತ್ತಿದ್ದಂತೆಯೇ ಮುಂದಿನ ವರ್ಷದ 'ಮಾಕ್ ಡ್ರಾಫ್ಟ್' ಪಟ್ಟಿಗಳು ಬರತೊಡಗುತ್ತವೆ. ಒಂದರಿಂದ ಮೂವತ್ತರವರೆಗೆ, ಕೆಲವೊಮ್ಮೆ ಅರವತ್ತರವರೆಗೆ, ಪ್ರತಿ ತಂಡದ ಎದುರು ಒಬ್ಬ ಆಟಗಾರನ ಹೆಸರು. ಕೊನೆಗೆ ನಿಜವಾದ ಡ್ರಾಫ್ಟ್ ನಡೆದಾಗ ಮೂರು ತೀರ್ಪುಗಳು ಹೊರಬೀಳುತ್ತವೆ. ಯಾರ ಪಟ್ಟಿ ಹೊಂದಿತೋ ಅವರು ಆಟ ಬಲ್ಲವರು. ಯಾರದು ಹೊಂದಲಿಲ್ಲವೋ ಅವರದು ಬರಿಯ ಬಾಯಿಮಾತು. ಪಟ್ಟಿಗಳು ಹೇಳಿದ ಹೆಸರನ್ನು ಬಿಟ್ಟು ಬೇರೊಂದನ್ನು ಕೂಗಿದ ತಂಡ ಎಡವಿದೆ. ಈ ಮೂರೂ ತೀರ್ಪುಗಳು ಒಂದೇ ಗೊಂದಲದಿಂದ ಹುಟ್ಟಿದವು ಎಂಬುದು ನನ್ನ ವಾದ. ಹುಡುಗ ಎಷ್ಟು ಒಳ್ಳೆಯ ಆಟಗಾರನಾಗುತ್ತಾನೆ ಎಂಬ ಪ್ರಶ್ನೆಯನ್ನೂ ಆತನನ್ನು ಯಾರು, ಎಷ್ಟನೆಯವನಾಗಿ ಆರಿಸುತ್ತಾರೆ ಎಂಬ ಪ್ರಶ್ನೆಯನ್ನೂ ನಾವು ಒಂದೇ ಎಂದುಕೊಂಡಿದ್ದೇವೆ. ಮೊದಲನೆಯದಕ್ಕೆ ಉತ್ತರ ಹುಡುಗನ ಮೈಕಟ್ಟು, ಕೌಶಲ, ಕಲಿಯುವ ಶಕ್ತಿಯಲ್ಲಿದೆ. ಎರಡನೆಯದಕ್ಕೆ ಉತ್ತರ ಮೂವತ್ತು ಕಚೇರಿಗಳಲ್ಲಿ ಕುಳಿತವರ ತಲೆಯೊಳಗಿದೆ.

ಐಪಿಎಲ್ ಹರಾಜನ್ನು ಬಲ್ಲ ನಮಗೆ ಡ್ರಾಫ್ಟಿನ ಕ್ರಮ ಸ್ವಲ್ಪ ಹೊಸದು. ಹರಾಜಿನಲ್ಲಿ ಒಬ್ಬ ಆಟಗಾರನಿಗಾಗಿ ಹಲವು ತಂಡಗಳು ಏಕಕಾಲಕ್ಕೆ ಹಣ ಕೂಗುತ್ತವೆ. ಯಾರಿಗೆ ಎಷ್ಟು ಆಸೆ ಇತ್ತೆಂಬುದು ಬೆಲೆಯಲ್ಲೇ ಕಾಣುತ್ತದೆ. ಡ್ರಾಫ್ಟಿನಲ್ಲಿ ಹಣವಿಲ್ಲ, ಸರದಿ ಇದೆ. 1989ರಿಂದ ಎರಡೇ ಸುತ್ತು. 30 ತಂಡಗಳ ಈಗಿನ ಲೀಗಿನಲ್ಲಿ ಹೆಚ್ಚೆಂದರೆ 60 ಆಯ್ಕೆಗಳು. ಸರದಿ ಬಂದ ತಂಡ ಮೊದಲ ಸುತ್ತಿನಲ್ಲಿ ಐದು ನಿಮಿಷದೊಳಗೆ ಒಂದು ಹೆಸರು ಹೇಳಬೇಕು. ಸೋತ ತಂಡಗಳಿಗೆ ಮೊದಲ ಅವಕಾಶ ಎಂಬುದು ತತ್ವ. ಆದರೆ ಬೇಕೆಂದೇ ಸೋಲುವುದನ್ನು ತಡೆಯಲು 1985ರಿಂದ ಲಾಟರಿ ಇದೆ. ಪ್ಲೇಆಫ್ ತಲುಪದ 14 ತಂಡಗಳ ನಡುವೆ, 14 ಚೆಂಡುಗಳಿಂದ ನಾಲ್ಕನ್ನು ಎತ್ತಿ, ಬರುವ 1,001 ಜೋಡಣೆಗಳಲ್ಲಿ ಒಂದನ್ನು ಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚಿರುತ್ತಾರೆ. 2019ರಲ್ಲಿ ಬಂದ ನಿಯಮದಲ್ಲಿ ಅತಿ ಹೆಚ್ಚು ಸೋತ ಮೂರು ತಂಡಗಳಿಗೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಶೇ 14 ಮಾತ್ರ. ಆರಿಸಲ್ಪಡುವವರೆಲ್ಲ ಕಾಲೇಜು ಹುಡುಗರೂ ಅಲ್ಲ. 2024ರಲ್ಲಿ ಮೊದಲ ಎರಡು ಸ್ಥಾನಗಳು ಫ್ರಾನ್ಸಿನ ಝಕಾರಿ ರಿಸಾಶೆ ಮತ್ತು ಅಲೆಕ್ಸ್ ಸಾರ್ ಅವರಿಗೆ ಹೋದವು.

ಪ್ರಚಲಿತ ನಂಬಿಕೆಗೆ ನ್ಯಾಯ ಒದಗಿಸಿ ಹೇಳುವುದಾದರೆ ಅದು ಹೀಗಿದೆ: ತಂಡಗಳು ಮೂರ್ಖರ ಕೂಟವಲ್ಲ. ಅವುಗಳ ಬಳಿ ಸ್ಕೌಟ್‌ಗಳಿದ್ದಾರೆ, ಅಂಕಿಅಂಶ ತಜ್ಞರಿದ್ದಾರೆ, ವೈದ್ಯರಿದ್ದಾರೆ, ಕೋಟ್ಯಂತರ ಡಾಲರ್ ಪಣಕ್ಕಿದೆ. ಆದ್ದರಿಂದ ಅವು ಒಳ್ಳೆಯ ಆಟಗಾರನನ್ನೇ ಮೊದಲು ಆರಿಸುತ್ತವೆ. ಹೊರಗಿನ ವೀಕ್ಷಕ ಕೂಡ ಅದೇ ಪಂದ್ಯಗಳನ್ನು ನೋಡುತ್ತಾನೆ, ಅದೇ ಅಂಕಿಅಂಶ ಓದುತ್ತಾನೆ. ಆತನ ಕಣ್ಣು ಚುರುಕಾಗಿದ್ದರೆ ತಂಡಗಳು ಮುಟ್ಟುವ ತೀರ್ಮಾನವನ್ನು ಆತನೂ ಮುಟ್ಟಬೇಕು. ಹಾಗಾಗಿ ಡ್ರಾಫ್ಟನ್ನು ಸರಿಯಾಗಿ ಊಹಿಸುವುದು ಆಟವನ್ನು ಸರಿಯಾಗಿ ಓದಿದ್ದಕ್ಕೆ ಸಾಕ್ಷಿ. ಈ ವಾದದಲ್ಲಿ ಹುರುಳಿದೆ, ತಳ್ಳಿಹಾಕುವಂಥದ್ದಲ್ಲ. ಕೂಪರ್ ಫ್ಲ್ಯಾಗ್ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಡುವುದನ್ನು ನೋಡಿದವರಿಗೆ 2025ರ ಮೊದಲ ಹೆಸರು ಯಾರದೆಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಸಿದ್ಧಾಂತವನ್ನು ಅದರ ಅತಿ ಸುಲಭದ ಉದಾಹರಣೆಯಿಂದ ಪರೀಕ್ಷಿಸಬಾರದು. ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಕಲೆತಿವೆ, ಅವನ್ನು ಮೊದಲು ಬಿಡಿಸೋಣ.

1. ಈ ಹುಡುಗ ಎನ್‌ಬಿಎಯಲ್ಲಿ ಎಷ್ಟು ಒಳ್ಳೆಯ ಆಟಗಾರನಾಗುತ್ತಾನೆ? ಉತ್ತರ ತಿಳಿಯಲು ನಾಲ್ಕೈದು ವರ್ಷ ಕಾಯಬೇಕು.

2. ಈ ತಂಡಕ್ಕೆ ಈಗ ಆತನಿಂದ ಹೆಚ್ಚು ಉಪಯೋಗವಿದೆಯೇ? ಉತ್ತರ ತಂಡದಲ್ಲಿ ಈಗಾಗಲೇ ಯಾರಿದ್ದಾರೆ, ಯಾರ ಒಪ್ಪಂದ ಎಂದು ಮುಗಿಯುತ್ತದೆ ಎಂಬುದನ್ನು ಅವಲಂಬಿಸಿದೆ.

3. ಆ ರಾತ್ರಿ ಆ ಸರದಿಯಲ್ಲಿ ಈ ತಂಡ ಯಾರ ಹೆಸರು ಕೂಗುತ್ತದೆ? ಉತ್ತರ ಅದೇ ರಾತ್ರಿ ಸಿಗುತ್ತದೆ.

ಮಾಕ್ ಡ್ರಾಫ್ಟ್ ಉತ್ತರಿಸುವುದು ಮೂರನೆಯ ಪ್ರಶ್ನೆಗೆ. ಓದುಗ ಅದರಲ್ಲಿ ಹುಡುಕುವುದು ಮೊದಲನೆಯದಕ್ಕೆ ಉತ್ತರ. ಬರೆಯುವವರೂ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುವುದಿಲ್ಲ. ಹೆಸರಿನ ಕೆಳಗೆ ಹುಡುಗನ ಶಕ್ತಿ, ದೌರ್ಬಲ್ಯಗಳ ವಿವರ ಕೊಟ್ಟು, ಆ ಶಕ್ತಿಯೇ ಆಯ್ಕೆಗೆ ಕಾರಣ ಎಂಬ ಭಾವನೆ ಮೂಡಿಸುತ್ತಾರೆ.

ಮೊದಲ ಹೆಜ್ಜೆಯಾಗಿ, ಕಾಲೇಜಿನ ಸಾಧನೆಯಿಂದ ಆಯ್ಕೆಯನ್ನು ಊಹಿಸಬಹುದೇ ನೋಡೋಣ. 2022ರಲ್ಲಿ ಕೆಂಟಕಿಯ ಆಸ್ಕರ್ ಶೀಬ್ವೆ ಪಂದ್ಯಕ್ಕೆ ಸರಾಸರಿ 15ಕ್ಕೂ ಹೆಚ್ಚು ರೀಬೌಂಡ್ ಹಿಡಿದು ದೇಶದ ಅತ್ಯುತ್ತಮ ಕಾಲೇಜು ಆಟಗಾರ ಎನಿಸಿಕೊಂಡರು. ಇನ್ನೊಂದು ವರ್ಷ ಆಡಿ 2023ರ ಡ್ರಾಫ್ಟಿಗೆ ಬಂದಾಗ ಅವರ ಹೆಸರನ್ನು ಯಾವ ತಂಡವೂ ಕೂಗಲಿಲ್ಲ. 2021ರ ಅತ್ಯುತ್ತಮ ಕಾಲೇಜು ಆಟಗಾರ, ಅಯೋವಾದ ಲೂಕಾ ಗಾರ್ಜಾ, 52ನೆಯವರಾಗಿ ಹೋದರು. 2017ರವರಾದ ಕ್ಯಾನ್ಸಸ್‌ನ ಫ್ರ್ಯಾಂಕ್ ಮೇಸನ್ 34ನೆಯವರು. ಇನ್ನೊಂದು ತುದಿಯಲ್ಲಿ, ಕೈರಿ ಅರ್ವಿಂಗ್ ಕಾಲಿನ ಹೆಬ್ಬೆರಳಿನ ಗಾಯದಿಂದ ಡ್ಯೂಕ್ ಪರ ಆಡಿದ್ದು 11 ಪಂದ್ಯ ಮಾತ್ರ, 2011ರಲ್ಲಿ ಅವರೇ ಮೊದಲಿಗರು. ಜೇಮ್ಸ್ ವೈಸ್‌ಮನ್ ಮೆಂಫಿಸ್ ಪರ ಮೂರೇ ಪಂದ್ಯ ಆಡಿ 2020ರಲ್ಲಿ ಎರಡನೆಯವರಾದರು. ಇದರಲ್ಲಿ ಅನ್ಯಾಯವೇನೂ ಇಲ್ಲ. ತಂಡಗಳು ಕಳೆದ ವರ್ಷದ ಆಟಕ್ಕೆ ಬಹುಮಾನ ಕೊಡುತ್ತಿಲ್ಲ, ಬರಲಿರುವ ವರ್ಷಗಳ ಆಟವನ್ನು ಕೊಳ್ಳುತ್ತಿವೆ. 22 ವರ್ಷದವನು 19 ವರ್ಷದವರ ನಡುವೆ ಮಿಂಚಿದ್ದರೆ ಅದರಲ್ಲಿ ಪ್ರತಿಭೆಯ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಅವು ಕೇಳುತ್ತವೆ. ಕಾಲೇಜಿನಲ್ಲಿ ಬುಟ್ಟಿಯ ಕೆಳಗೆ ನಿಂತು ಗೆದ್ದ 6 ಅಡಿ 9 ಅಂಗುಲದ ಸೆಂಟರ್, ಏಳು ಅಡಿಯವರ ನಡುವೆ ಏನು ಮಾಡಿಯಾನು ಎಂದು ಕೇಳುತ್ತವೆ. ಆದ್ದರಿಂದ ಕಾಲೇಜು ಪಂದ್ಯಗಳನ್ನು ಎಷ್ಟೇ ಶ್ರದ್ಧೆಯಿಂದ ನೋಡಿದರೂ, ತಂಡಗಳು ಯಾವ ತಕ್ಕಡಿಯಲ್ಲಿ ತೂಗುತ್ತಿವೆ ಎಂದು ತಿಳಿಯದಿದ್ದರೆ ಆ ನೋಟ ಡ್ರಾಫ್ಟಿನ ಊಹೆಗೆ ಸಾಲದು.

ಎರಡನೆಯ ಹೆಜ್ಜೆ ಇನ್ನೂ ಮುಖ್ಯ. ಪ್ರತಿಭೆಯನ್ನು ತಂಡಗಳಿಗಿಂತ ಚೆನ್ನಾಗಿ ಗುರುತಿಸುವ ಒಬ್ಬನಿದ್ದಾನೆ ಎಂದು ಭಾವಿಸಿ. ಆತ ತನ್ನ ಅಂದಾಜನ್ನೇ ಮಾಕ್ ಡ್ರಾಫ್ಟ್ ಎಂದು ಬರೆದರೆ, ತಂಡಗಳು ತಪ್ಪುಮಾಡುವ ಪ್ರತಿ ಜಾಗದಲ್ಲೂ ಆತನ ಪಟ್ಟಿ ತಪ್ಪಾಗುತ್ತದೆ. ಅಂದರೆ ಆಟ ಹೆಚ್ಚು ಬಲ್ಲವನೇ ಡ್ರಾಫ್ಟಿನ ಊಹೆಯಲ್ಲಿ ಸೋಲುತ್ತಾನೆ. ಇದು ಬರಿಯ ತರ್ಕದ ಆಟವಲ್ಲ. ಹಾರ್ವರ್ಡ್‌ನ ಜೆರೆಮಿ ಲಿನ್ 2010ರಲ್ಲಿ ಯಾರಿಗೂ ಬೇಡವಾದರು; 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪರ ಆಡಿ ಲೋಕಪ್ರಸಿದ್ಧರಾದರು. ಡ್ಯಾರಿಲ್ ಮೋರಿ ನಡೆಸುತ್ತಿದ್ದ ಹ್ಯೂಸ್ಟನ್ ತಂಡದ ಅಂಕಿಅಂಶ ಮಾದರಿ ಲಿನ್ ಅವರನ್ನು ಮೊದಲ ಸುತ್ತಿನ ನಡುಭಾಗಕ್ಕೆ ತಕ್ಕವರೆಂದು ಹೇಳಿತ್ತು ಎಂಬುದನ್ನು ಮೈಕೆಲ್ ಲೂಯಿಸ್ 2016ರ ತಮ್ಮ 'ದಿ ಅನ್‌ಡೂಯಿಂಗ್ ಪ್ರಾಜೆಕ್ಟ್' ಪುಸ್ತಕದಲ್ಲಿ ಬರೆದಿದ್ದಾರೆ. ಆದರೂ ಹ್ಯೂಸ್ಟನ್ ಅವರನ್ನು ಆರಿಸಲಿಲ್ಲ. 2011ರ ಡಿಸೆಂಬರಿನಲ್ಲಿ ತಂಡಕ್ಕೆ ಸೇರಿಸಿಕೊಂಡು, ಕ್ರಿಸ್‌ಮಸ್ ಬರುವಷ್ಟರಲ್ಲಿ ಕೈಬಿಟ್ಟಿತು. ತನ್ನದೇ ಲೆಕ್ಕ ಹೇಳಿದ್ದನ್ನು ತಂಡವೇ ನಂಬದಿದ್ದಾಗ, ಆ ಲೆಕ್ಕವನ್ನು ಹೊರಗೆ ಕುಳಿತು ಸ್ವತಂತ್ರವಾಗಿ ಮುಟ್ಟಿದವನು ಡ್ರಾಫ್ಟನ್ನು ಸರಿಯಾಗಿ ಊಹಿಸಲು ಹೇಗೆ ಸಾಧ್ಯ? ಆತ ಮೊದಲ ಪ್ರಶ್ನೆಯಲ್ಲಿ ಗೆದ್ದು ಮೂರನೆಯದರಲ್ಲಿ ಸೋಲುತ್ತಿದ್ದ. ಪ್ರಚಲಿತ ನಂಬಿಕೆ ಆತನನ್ನು ಅಜ್ಞಾನಿ ಎನ್ನುತ್ತಿತ್ತು.

ಮೂರನೆಯದು ಸರದಿಯ ಸ್ವಭಾವ. ಮೊದಲ ಹತ್ತು ಆಯ್ಕೆಗಳಲ್ಲಿ ಪ್ರತಿಯೊಂದನ್ನೂ ಸರಿಯಾಗಿ ಹೇಳುವ ಸಾಧ್ಯತೆ ನಿಮಗೆ ಶೇ 80 ಇದೆ ಎಂದುಕೊಳ್ಳಿ. ಹತ್ತನ್ನೂ ಸರಿಯಾಗಿ ಹೇಳುವ ಸಾಧ್ಯತೆ ಶೇ 11ಕ್ಕಿಂತ ಕಡಿಮೆ. ಇದು ಆಯ್ಕೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡ ಲೆಕ್ಕ, ಆದರೆ ಇಲ್ಲಿ ಒಂದೊಂದು ಆಯ್ಕೆಯೂ ಬಿಡಿಯಾಗಿ ನಿಂತಿಲ್ಲ. ಆರನೆಯವನೆಂದು ನೀವು ಬರೆದ ಹುಡುಗನನ್ನು ಮೂರನೆಯ ತಂಡ ಎತ್ತಿಕೊಂಡರೆ ಮೂರನೆಯದೂ ತಪ್ಪು, ಆರನೆಯದೂ ತಪ್ಪು. ಮೂರನೆಯ ಸ್ಥಾನದಲ್ಲಿ ನೀವು ಇರಿಸಿದ್ದವನು ಎಲ್ಲೋ ಒಂದು ಕಡೆ ಇಳಿಯಲೇಬೇಕು. ಹತ್ತೂ ಹೆಸರು ಸರಿಯಿದ್ದಾಗ ಒಂಬತ್ತು ಸ್ಥಾನ ಸರಿ, ಒಂದು ತಪ್ಪು ಎಂಬ ಫಲಿತಾಂಶ ಗಣಿತದಲ್ಲೇ ಅಸಾಧ್ಯ. ಇದರ ಮೇಲೆ ಲಾಟರಿಯ ಕುರುಡು ಕೈ. 2025ರಲ್ಲಿ ಅತಿ ಹೆಚ್ಚು ಸೋತ ಯೂಟಾ ಐದನೆಯ ಸ್ಥಾನಕ್ಕೆ ಜಾರಿತು, ಶೇ 1.8 ಸಾಧ್ಯತೆಯಿದ್ದ ಡಲ್ಲಾಸ್ ಮೊದಲ ಸ್ಥಾನಕ್ಕೆ ಏರಿತು. ಫ್ಲ್ಯಾಗ್ ಮೊದಲಿಗ ಎಂಬುದು ಇಡೀ ವರ್ಷ ಎಲ್ಲರಿಗೂ ಗೊತ್ತಿತ್ತು. ಅವರು ಡಲ್ಲಾಸ್‌ಗೆ ಹೋಗುತ್ತಾರೆಂದು ಮೇ ತಿಂಗಳವರೆಗೆ ಯಾರೂ ಹೇಳುವಂತಿರಲಿಲ್ಲ. ಸಾಲದ್ದಕ್ಕೆ ತಂಡಗಳ ನಡುವಿನ ವಿನಿಮಯ. 2018ರಲ್ಲಿ ಅಟ್ಲಾಂಟಾ ಮೂರನೆಯ ಸರದಿಯಲ್ಲಿ ಸ್ಲೊವೇನಿಯಾದ ಲೂಕಾ ಡಾಂಚಿಚ್ ಹೆಸರು ಕೂಗಿತು, ಡಲ್ಲಾಸ್ ಐದನೆಯದರಲ್ಲಿ ಒಕ್ಲಹೋಮಾದ ಟ್ರೇ ಯಂಗ್ ಹೆಸರು ಕೂಗಿತು. ಇಬ್ಬರನ್ನೂ ಅದಲುಬದಲು ಮಾಡಿಕೊಂಡವು. ಯಂಗ್ ಅಟ್ಲಾಂಟಾಕ್ಕೆ, ಡಾಂಚಿಚ್ ಡಲ್ಲಾಸ್‌ಗೆ ಎಂದು ಯಾರಾದರೂ ಬರೆದಿದ್ದರೆ ವೇದಿಕೆಯ ಘೋಷಣೆಯ ಪ್ರಕಾರ ಅವರ ಊಹೆ ತಪ್ಪು, ನಡೆದ ವ್ಯವಹಾರದ ಪ್ರಕಾರ ಸರಿ. ಸರಿ ಯಾವುದೆಂದೇ ತೀರ್ಮಾನವಾಗದ ಪರೀಕ್ಷೆಯಲ್ಲಿ ಅಂಕ ಎಣಿಸುವುದು ವ್ಯರ್ಥ.

ನಾಲ್ಕನೆಯದು ಮಾಹಿತಿ. ಹೊರಗಿನವರು ನೋಡುವುದನ್ನೇ ತಂಡಗಳೂ ನೋಡುತ್ತವೆ ಎಂಬ ಮಾತು ಅರ್ಧ ನಿಜ. ಮೇ ತಿಂಗಳಲ್ಲಿ ಷಿಕಾಗೋದಲ್ಲಿ ನಡೆಯುವ ಕಂಬೈನ್‌ನಲ್ಲಿ ಎತ್ತರ, ಕೈಚಾಚು, ಜಿಗಿತ ಅಳೆದು ಬಹಿರಂಗಪಡಿಸುತ್ತಾರೆ. ಆ ಅಳತೆಗಳಿಗೆ ಯಾವ ತಂಡ ಎಷ್ಟು ಬೆಲೆ ಕೊಡುತ್ತದೆ ಎಂಬುದು ಬಹಿರಂಗವಲ್ಲ. 2007ರಲ್ಲಿ 185 ಪೌಂಡಿನ ಭಾರವನ್ನು ಒಮ್ಮೆಯೂ ಎತ್ತಲಾಗದ ಕೆವಿನ್ ಡ್ಯುರಾಂಟ್ ಎರಡನೆಯವರಾಗಿ ಆಯ್ಕೆಯಾದರು. ವೈದ್ಯಕೀಯ ವರದಿಗಳನ್ನಂತೂ ತಂಡಗಳು ಮಾತ್ರ ಓದುತ್ತವೆ. ಮಿಸೌರಿಯ ಮೈಕೆಲ್ ಪೋರ್ಟರ್ ಜೂನಿಯರ್ ಕಾಲೇಜು ಸೇರುವಾಗ ಅಗ್ರ ಸ್ಥಾನಗಳ ಹುಡುಗ ಎನಿಸಿದ್ದವರು. ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ 2018ರಲ್ಲಿ 14ನೆಯ ಸ್ಥಾನದವರೆಗೆ ಕಾದರು. ಕ್ಯಾನ್ಸಸ್‌ನ ಜೋಯಲ್ ಎಂಬೀಡ್ 2014ರಲ್ಲಿ ಮೊದಲಿಗರಾಗುತ್ತಾರೆಂಬ ಊಹೆ ಡ್ರಾಫ್ಟಿಗೆ ಒಂದು ವಾರವಿರುವಾಗ ಪಾದದ ಮೂಳೆಬಿರುಕಿನಿಂದ ಮುರಿದುಬಿತ್ತು. ಇವೆರಡರಲ್ಲೂ ಊಹಿಸಿದವರ ತರ್ಕ ಸೋಲಲಿಲ್ಲ, ಆಧಾರವೇ ಬದಲಾಯಿತು. ಇನ್ನು ಏಜೆಂಟರು. ಯಾವ ತಂಡದ ಖಾಸಗಿ ಪರೀಕ್ಷೆಗೆ ಹುಡುಗನನ್ನು ಕಳಿಸಬೇಕು, ಯಾರಿಗೆ ಬಾಗಿಲು ಮುಚ್ಚಬೇಕು ಎಂಬುದು ಅವರ ಕೈಯಲ್ಲಿದೆ. 2025ರಲ್ಲಿ ರಟ್ಗರ್ಸ್‌ನ ಏಸ್ ಬೇಲಿ, ಮೂರನೆಯ ಸರದಿಯಿದ್ದ ಫಿಲಡೆಲ್ಫಿಯಾದಲ್ಲಿ ಗೊತ್ತಾಗಿದ್ದ ಪರೀಕ್ಷೆಯನ್ನು ರದ್ದುಗೊಳಿಸಿದರು. ಆ ತಂಡ ಬೇಲರ್‌ನ ವಿ.ಜೆ. ಎಜ್‌ಕೂಂಬ್ ಅವರನ್ನು ಆರಿಸಿತು, ಬೇಲಿ ಐದನೆಯವರಾಗಿ ಯೂಟಾಗೆ ಹೋದರು. ಇಂಥ ತಿರುವು ಪಂದ್ಯದ ವಿಡಿಯೊದಲ್ಲಿ ಕಾಣುವುದಿಲ್ಲ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು: ಇಷ್ಟೆಲ್ಲ ಅನಿಶ್ಚಿತತೆ ಇದ್ದರೂ ಒಳ್ಳೆಯ ಮಾಕ್ ಡ್ರಾಫ್ಟ್‌ಗಳು ಮೊದಲ ಸುತ್ತಿನ ಬಹುಪಾಲು ಹೆಸರುಗಳನ್ನು ಸರಿಯಾಗಿಯೇ ಹೇಳುತ್ತವಲ್ಲ, ಅದು ಜ್ಞಾನವಲ್ಲವೇ? ಜ್ಞಾನವೇ, ಆದರೆ ಯಾವುದರ ಜ್ಞಾನ ಎಂದು ಕೇಳಬೇಕು. ಡ್ರಾಫ್ಟ್ ಹತ್ತಿರವಾದಂತೆ ಪಟ್ಟಿಗಳು ನಿಖರವಾಗುತ್ತವೆ. ಏಪ್ರಿಲಿನ ನಂತರ ಕಾಲೇಜು ಪಂದ್ಯಗಳೇ ಇಲ್ಲ. ಹಾಗಿದ್ದರೆ ಮೇ, ಜೂನ್ ತಿಂಗಳಲ್ಲಿ ಹೆಚ್ಚಿದ ಜ್ಞಾನ ಬಂದದ್ದೆಲ್ಲಿಂದ? ಬಹುಪಾಲು ಏಜೆಂಟರಿಂದ, ತಂಡಗಳ ಒಳಗಿನವರಿಂದ, ಬೇರೆ ಪಟ್ಟಿಗಳಿಂದ. ಕೊನೆಯ ದಿನದ ಪಟ್ಟಿ ಹೆಚ್ಚಾಗಿ ವರದಿಗಾರಿಕೆ. ಆಗಲೇ ಆಗಿರುವ ತೀರ್ಮಾನ ಸೋರಿ ಬಂದದ್ದು. ಅದು ಗೌರವದ ಕಸುಬೇ. ಆದರೆ ಸೋರಿಕೆಗೆ ಉದ್ದೇಶಗಳಿರುತ್ತವೆ. ಏಜೆಂಟನಿಗೆ ತನ್ನ ಹುಡುಗನ ಬೆಲೆ ಏರಬೇಕು, ತಂಡಕ್ಕೆ ತನ್ನ ಮನಸ್ಸು ಮುಚ್ಚಿಡಬೇಕು. ಜೊತೆಗೆ ಹತ್ತು ಪಟ್ಟಿಗಳು ಒಂದೇ ಹೆಸರು ಹೇಳಿದರೆ ಹತ್ತು ಸಾಕ್ಷಿ ಸಿಕ್ಕಂತೆ ಕಾಣುತ್ತದೆ; ಹತ್ತೂ ಒಂದೇ ಮೂಲದಿಂದ ಕೇಳಿ ಬರೆದಿದ್ದರೆ ಸಾಕ್ಷಿ ಒಂದೇ. 2022ರಲ್ಲಿ ಒರ್ಲಾಂಡೋ ಮೊದಲ ಸ್ಥಾನದಲ್ಲಿ ಆಬರ್ನ್‌ನ ಜಬಾರಿ ಸ್ಮಿತ್ ಅವರನ್ನು ಆರಿಸುತ್ತದೆ ಎಂಬುದು ವಾರಗಟ್ಟಲೆ ಬಹುತೇಕ ಎಲ್ಲರ ಮಾತಾಗಿತ್ತು. ತಂಡ ಕೂಗಿದ್ದು ಡ್ಯೂಕ್‌ನ ಪಾವೊಲೊ ಬಾಂಕೆರೊ ಹೆಸರನ್ನು. ಸ್ಮಿತ್ ಮೂರನೆಯವರಾಗಿ ಹ್ಯೂಸ್ಟನ್‌ಗೆ ಹೋದರು. ಒಮ್ಮತದ ಗಾತ್ರ ಅದರ ಆಧಾರದ ಗಾತ್ರವನ್ನು ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದುದು. ಒಟ್ಟಾರೆಯಾಗಿ ನೋಡಿದರೆ ಮೊದಲು ಆಯ್ಕೆಯಾದವರೇ ಮುಂದೆ ಹೆಚ್ಚು ಚೆನ್ನಾಗಿ ಆಡುತ್ತಾರೆ. ಅಂದಮೇಲೆ ಮೊದಲ ಪ್ರಶ್ನೆಗೂ ಮೂರನೆಯದಕ್ಕೂ ಅಂತರ ಅಷ್ಟೇನೂ ಇಲ್ಲ ಎನ್ನಬಹುದು. ಸರಾಸರಿಯ ಮಟ್ಟದಲ್ಲಿ ಇದನ್ನು ಒಪ್ಪುತ್ತೇನೆ. ಆದರೆ ಎರಡು ಎಚ್ಚರಿಕೆಗಳಿವೆ. ಒಂದು, ಸರಾಸರಿಯ ಸಂಬಂಧ ಒಬ್ಬೊಬ್ಬನ ವಿಷಯದಲ್ಲಿ ತೀರ್ಪು ಕೊಡುವುದಿಲ್ಲ. 2014ರಲ್ಲಿ 41ನೆಯವರಾಗಿ ಡೆನ್ವರ್ ಸೇರಿದ ಸರ್ಬಿಯಾದ ನಿಕೊಲಾ ಯೋಕಿಚ್ 2021, 2022, 2024ರಲ್ಲಿ ಲೀಗಿನ ಅತ್ಯುತ್ತಮ ಆಟಗಾರರಾದರು. ಎರಡು, ಮುಂದಿನ ಯಶಸ್ಸನ್ನು ನಾವು ಅಳೆಯುವ ಕೋಲಿಗೇ ಡ್ರಾಫ್ಟಿನ ಬಣ್ಣ ಅಂಟಿದೆ. ಬ್ಯಾರಿ ಸ್ಟಾ ಮತ್ತು ಹಾ ಹೋಆಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಳದ ಸಾಧನೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮೇಲಿನ ಸ್ಥಾನದಲ್ಲಿ ಆಯ್ಕೆಯಾದವರಿಗೆ ಹೆಚ್ಚು ಆಟದ ಸಮಯ ಸಿಗುತ್ತದೆ, ಅವರು ಲೀಗಿನಲ್ಲಿ ಹೆಚ್ಚು ಕಾಲ ಉಳಿಯುತ್ತಾರೆ ಎಂದು ಕಂಡುಬಂತು. ಕಾಲಿನ್ ಕ್ಯಾಮರರ್ ಮತ್ತು ರಾಬರ್ಟೊ ವೆಬರ್ 1999ರಲ್ಲಿ ಅದನ್ನು ಮರುಪರಿಶೀಲಿಸಿ ಪರಿಣಾಮ ಚಿಕ್ಕದೆಂದರು, ಇಲ್ಲವೆನ್ನಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಮೊದಲ ಸುತ್ತಿನವನಿಗೆ ಎರಡು ವರ್ಷದ ಖಾತರಿ ಸಂಬಳವಿದೆ, ಆರಿಸಿದ ಜನರಲ್ ಮ್ಯಾನೇಜರನ ಮರ್ಯಾದೆ ಆತನ ಮೇಲೆ ನಿಂತಿದೆ, ಆದ್ದರಿಂದ ಆತನಿಗೆ ಮತ್ತೆ ಮತ್ತೆ ಅವಕಾಶ ಸಿಗುತ್ತದೆ. ಅರವತ್ತರ ಹತ್ತಿರದವನಿಗೆ ಒಂದು ಕೆಟ್ಟ ತಿಂಗಳೇ ಕೊನೆಯಾಗಬಹುದು. ಡ್ರಾಫ್ಟಿನ ಸ್ಥಾನ ಪ್ರತಿಭೆಯ ಅಂದಾಜಷ್ಟೇ ಅಲ್ಲ, ಆ ಅಂದಾಜನ್ನು ನಿಜಮಾಡುವ ಬಂಡವಾಳವೂ ಹೌದು. ಅದನ್ನೇ ಅಂದಾಜಿನ ಸಾಕ್ಷಿಯಾಗಿ ಮುಂದಿಟ್ಟರೆ ವಾದ ತನ್ನ ಸುತ್ತಲೇ ತಿರುಗುತ್ತದೆ.

ಮೂರನೆಯ ಆಕ್ಷೇಪ ತಂಡಗಳ ಪ್ರಮಾದಗಳ ಬಗ್ಗೆ. 1984ರಲ್ಲಿ ಪೋರ್ಟ್‌ಲ್ಯಾಂಡ್ ಮೈಕೆಲ್ ಜೋರ್ಡನ್ ಅವರನ್ನು ಬಿಟ್ಟು ಸ್ಯಾಮ್ ಬೋವಿಯನ್ನು ಎರಡನೆಯವರಾಗಿ ಆರಿಸಿತು. ತಂಡಗಳೂ ಇಷ್ಟು ಕುರುಡಾಗಿರುವಾಗ ಪಟ್ಟಿಗಳನ್ನು ದೂರುವುದೇಕೆ ಎನ್ನುತ್ತಾರೆ. ಇಲ್ಲಿ ಎರಡನೆಯ ಪ್ರಶ್ನೆ ಮರೆತುಹೋಗಿದೆ. ಹಿಂದಿನ ವರ್ಷವಷ್ಟೇ ಕ್ಲೈಡ್ ಡ್ರೆಕ್ಸ್‌ಲರ್ ಅವರನ್ನು ಪಡೆದಿದ್ದ, ಜಿಮ್ ಪ್ಯಾಕ್ಸನ್ ಅವರೂ ಇದ್ದ ತಂಡಕ್ಕೆ ಜೋರ್ಡನ್ ಸ್ಥಾನದ ಕೊರತೆ ಇರಲಿಲ್ಲ, ಸೆಂಟರ್ ಬೇಕಿತ್ತು. ಕೊರತೆ ನೋಡಿ ಆರಿಸುವುದೇ ತಪ್ಪು ಎಂದು ವಾದಿಸಬಹುದು, ನಾನೂ ಹಾಗೆಯೇ ವಾದಿಸುತ್ತೇನೆ. ಆದರೆ ಅದು ತೀರ್ಮಾನದ ವಿಧಾನದ ಟೀಕೆ, ಜೋರ್ಡನ್ ಪ್ರತಿಭೆ ಕಾಣಲಿಲ್ಲ ಎಂಬ ಆರೋಪವಲ್ಲ. ಅದೇ ಪೋರ್ಟ್‌ಲ್ಯಾಂಡ್ 2007ರಲ್ಲಿ ಡ್ಯುರಾಂಟ್ ಬದಲು ಗ್ರೆಗ್ ಓಡನ್ ಅವರನ್ನು ಮೊದಲಿಗರಾಗಿ ಆರಿಸಿದಾಗ ಬಹುಪಾಲು ಪಟ್ಟಿಗಳೂ ಅದನ್ನೇ ಹೇಳಿದ್ದವು. ಮಂಡಿಯ ಗಾಯಗಳಿಂದ ಓಡನ್ ಎನ್‌ಬಿಎಯಲ್ಲಿ ಆಡಿದ್ದು 105 ಪಂದ್ಯ ಮಾತ್ರ. ಆ ಪಟ್ಟಿಗಳಿಗೆ ಮೂರನೆಯ ಪ್ರಶ್ನೆಯಲ್ಲಿ ಪೂರ್ಣ ಅಂಕ, ಮೊದಲನೆಯದರಲ್ಲಿ ಸೊನ್ನೆ. 2013 ಇದರ ತಿರುವುಮುರುವು. ಕ್ಲೀವ್‌ಲ್ಯಾಂಡ್ ಎಲ್ಲರನ್ನೂ ಬೆರಗುಗೊಳಿಸಿ ಆಂಟನಿ ಬೆನೆಟ್ ಹೆಸರನ್ನು ಮೊದಲು ಕೂಗಿತು. ಊಹೆ ತಪ್ಪಿದವರು ಪ್ರತಿಭೆಯ ವಿಷಯದಲ್ಲಿ ತಂಡಕ್ಕಿಂತ ಸರಿಯಿದ್ದರು, ಏಕೆಂದರೆ ಬೆನೆಟ್ ನಾಲ್ಕು ವರ್ಷದಲ್ಲಿ ನಾಲ್ಕು ತಂಡ ಸುತ್ತಿ ಲೀಗಿನಿಂದ ಹೊರಬಿದ್ದರು. 2021ರಲ್ಲಿ ಟೊರೊಂಟೊ ನಾಲ್ಕನೆಯ ಸರದಿಯಲ್ಲಿ ಎಲ್ಲರೂ ನಿರೀಕ್ಷಿಸಿದ್ದ ಜೇಲನ್ ಸಗ್ಸ್ ಅವರನ್ನು ಬಿಟ್ಟು ಸ್ಕಾಟಿ ಬಾರ್ನ್ಸ್ ಅವರನ್ನು ಆರಿಸಿತು. ಬಾರ್ನ್ಸ್ ಆ ವರ್ಷದ ಅತ್ಯುತ್ತಮ ಹೊಸ ಆಟಗಾರರಾದರು. ಪಟ್ಟಿಯಿಂದ ಸರಿದ ತಂಡ ಒಮ್ಮೆ ಕೆಟ್ಟಿತು, ಇನ್ನೊಮ್ಮೆ ಗೆದ್ದಿತು. ಸರಿಯುವುದೇ ತಪ್ಪಿನ ಗುರುತಲ್ಲ.

ಆಯ್ಕೆಗೂ ಆಟಕ್ಕೂ ಇರುವ ಈ ಅಂತರ ಭಾರತದ ಓದುಗರ ಕಣ್ಣೆದುರೇ ಒಮ್ಮೆ ಕಾಣಿಸಿಕೊಂಡಿತ್ತು. 2015ರಲ್ಲಿ ಪಂಜಾಬಿನ ಸತ್ನಾಮ್ ಸಿಂಗ್ ಭಾಮರಾ, ಕಾಲೇಜಿಗೆ ಹೋಗದೆ ಫ್ಲಾರಿಡಾದ ಐಎಂಜಿ ಅಕಾಡೆಮಿಯಿಂದ ನೇರವಾಗಿ ಬಂದು, 52ನೆಯವರಾಗಿ ಡಲ್ಲಾಸ್‌ಗೆ ಆಯ್ಕೆಯಾದರು. ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತ ಸಂಜಾತ ಆಟಗಾರ ಎಂದು ದೇಶ ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಅವರು ಎನ್‌ಬಿಎ ಲೀಗ್ ಪಂದ್ಯ ಒಂದನ್ನೂ ಆಡಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಸ್ಯಾಕ್ರಮೆಂಟೊ ಪರ ಅಂಗಳಕ್ಕಿಳಿದು, ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ ಮೂಲದವರೆನಿಸಿದ್ದು ಕೆನಡಾದ ಸಿಮ್ ಭುಲ್ಲರ್. ನ್ಯೂ ಮೆಕ್ಸಿಕೊ ಸ್ಟೇಟ್ ಪರ ಕಾಲೇಜು ಆಡಿದ್ದ ಅವರನ್ನು ಹಿಂದಿನ ವರ್ಷದ ಡ್ರಾಫ್ಟಿನಲ್ಲಿ ಯಾರೂ ಆರಿಸಿರಲಿಲ್ಲ.

ಹಾಗಾದರೆ ಡ್ರಾಫ್ಟನ್ನು ಊಹಿಸುವುದೇ ಬೇಡವೇ? ಬೇಕು, ಏಕೆಂದರೆ ಊಹೆಯ ಅಗತ್ಯ ನಿಜವಾಗಿ ಇರುವ ಒಬ್ಬನಿದ್ದಾನೆ: ಓದು ಮುಂದುವರಿಸಬೇಕೋ ಡ್ರಾಫ್ಟಿಗೆ ಹೆಸರು ಕೊಡಬೇಕೋ ಎಂದು ತೂಗುತ್ತಿರುವ ಹತ್ತೊಂಬತ್ತು, ಇಪ್ಪತ್ತರ ಹುಡುಗ. ಮೂವತ್ತನೆಯವನಿಗೆ ಖಾತರಿ ಒಪ್ಪಂದವಿದೆ, ಮೂವತ್ತೊಂದನೆಯವನಿಗೆ ಅಂಥ ಖಾತರಿಯಿಲ್ಲ. ಪಟ್ಟಿಯಲ್ಲಿ ಒಂದು ಸಾಲಿನ ವ್ಯತ್ಯಾಸ ಆತನ ಬದುಕಿನಲ್ಲಿ ದೊಡ್ಡದು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದಾದ್ದರಿಂದ ಕಾಲೇಜಿನಲ್ಲೇ ಉಳಿಯುವುದು ಮೊದಲಿನಷ್ಟು ನಷ್ಟವಲ್ಲ, ಹಾಗಾಗಿ ತೂಗಾಟ ಇನ್ನೂ ಸೂಕ್ಷ್ಮವಾಗಿದೆ. 2016ರಲ್ಲಿ ಬಂದ ನಿಯಮದಂತೆ ಕಂಬೈನ್ ಮುಗಿದ ಮೇಲೂ ಆತ ಹೆಸರು ಹಿಂತೆಗೆದುಕೊಳ್ಳಬಹುದು. ಇಂಥವರಿಗಾಗಿ ಎನ್‌ಬಿಎಯೇ ಒಂದು ಸಲಹಾ ಸಮಿತಿ ಇಟ್ಟಿದೆ. ತಂಡಗಳ ಅಧಿಕಾರಿಗಳಿಂದ ಅಭಿಪ್ರಾಯ ಪಡೆದು ಅದು ಹುಡುಗನಿಗೆ ಗುಟ್ಟಾಗಿ ತಿಳಿಸುತ್ತದೆ. ಹದಿನೇಳನೆಯವನಾಗಿ ಇಂಥ ತಂಡಕ್ಕೆ ಹೋಗುತ್ತೀಯೆ ಎಂದು ಅದು ಹೇಳುವುದಿಲ್ಲ. ಯಾವ ವ್ಯಾಪ್ತಿಯೊಳಗೆ ಆಯ್ಕೆಯಾದೀಯೆ, ಆಗದೆಯೂ ಇದ್ದೀಯೆ ಎಂದಷ್ಟೇ ಹೇಳುತ್ತದೆ. ಆಯ್ಕೆ ಮಾಡುವವರನ್ನೇ ಕೇಳಿ ಬರೆದ ಅಂದಾಜು ವ್ಯಾಪ್ತಿಯಲ್ಲಿ ಮಾತನಾಡುವಾಗ, ಹೊರಗೆ ಕುಳಿತು ಬರೆದದ್ದು ಸ್ಥಾನ, ತಂಡ ಸಮೇತ ಖಚಿತವಾಗಿ ಮಾತನಾಡುವುದು ವಿಚಿತ್ರ.

ಆದ್ದರಿಂದ ನನ್ನ ಸಲಹೆ ಸರಳ. ಬರೆಯುವವರು ಎರಡು ಬೇರೆ ಪಟ್ಟಿ ಕೊಡಲಿ. ಮೊದಲನೆಯದರಲ್ಲಿ ತಂಡಗಳ ವರ್ತನೆಯ ಊಹೆ: ಈತ ಮೊದಲ ಹತ್ತರೊಳಗೆ ಹೋಗುವ ಸಾಧ್ಯತೆ ಶೇ 70, ಮೊದಲ ಸುತ್ತಿನಿಂದ ಹೊರಗುಳಿಯುವ ಸಾಧ್ಯತೆ ಶೇ 5, ಇತ್ಯಾದಿ. ಇದಕ್ಕೆ ಬೇಕಾದ ಜ್ಞಾನ ಒಪ್ಪಂದಗಳದ್ದು, ಜನರಲ್ ಮ್ಯಾನೇಜರರ ಒಲವುಗಳದ್ದು; ಮಸಾಯಿ ಉಜಿರಿ ನಡೆಸುತ್ತಿದ್ದ ಟೊರೊಂಟೊ ಉದ್ದ ಕೈಗಳ, ಹಲವು ಸ್ಥಾನಗಳನ್ನು ಕಾಯಬಲ್ಲ ಆಟಗಾರರನ್ನು ಮೆಚ್ಚುತ್ತಿತ್ತು ಎಂಬುದನ್ನು ಗಮನಿಸಿದವರಿಗೆ ಬಾರ್ನ್ಸ್ ಆಯ್ಕೆ ಅಷ್ಟೊಂದು ಆಶ್ಚರ್ಯ ತರಬೇಕಿರಲಿಲ್ಲ. ಎರಡನೆಯದರಲ್ಲಿ ಹುಡುಗರ ಪ್ರತಿಭೆಯ ಬಗ್ಗೆ ಬರೆದವರ ಸ್ವಂತ ಅಭಿಪ್ರಾಯ, ದಿನಾಂಕ ಸಮೇತ, ಯಾವ ತಂಡದ ಹೆಸರೂ ಇಲ್ಲದೆ. ಮೊದಲ ಪಟ್ಟಿಗೆ ಅಂಕ ಡ್ರಾಫ್ಟಿನ ಮರುದಿನ ಸಿಗಲಿ, ಅದೂ ಒಂದು ವರ್ಷದ್ದಲ್ಲ, ಹಲವು ವರ್ಷ ಕೂಡಿಸಿ. ಶೇ 70 ಎಂದು ಹೇಳಿದವು ನೂರರಲ್ಲಿ ಸುಮಾರು ಎಪ್ಪತ್ತು ಸಲ ನಡೆದರೆ ಆ ಬರಹಗಾರ ನಂಬಿಕಸ್ಥ. ಎರಡನೆಯದಕ್ಕೆ ಅಂಕ ಐದು ವರ್ಷದ ಮೇಲೆ ಸಿಗಲಿ. ಹೀಗೆ ಮಾಡಿದರೆ ಪಟ್ಟಿಗಳ ಸೊಗಸು ಸ್ವಲ್ಪ ಕುಗ್ಗೀತು, ಓದುಗರಿಗೆ ಬೇಕಾದ ಖಚಿತತೆ ಸಿಗಲಿಕ್ಕಿಲ್ಲ. ಆದರೆ ಒಳಸುದ್ದಿ ತಂದವರನ್ನು ಆಟ ಬಲ್ಲವರೆಂದು, ಆಟ ಬಲ್ಲವರನ್ನು ಸುದ್ದಿ ತಿಳಿಯದವರೆಂದು ಅಳೆಯುವುದು ನಿಲ್ಲುತ್ತದೆ. ತಂಡ ಹುಡುಗನ ಹೆಸರು ಕೂಗಲಿಲ್ಲ ಎಂಬ ಒಂದೇ ಕಾರಣಕ್ಕೆ ಆತನ ಆಟದ ಮೇಲೆ ತೀರ್ಪು ಬರೆಯುವುದೂ ನಿಲ್ಲುತ್ತದೆ.